ಕೊನೆಯ ಮೇಜಿನ ಖಾಲಿ ಕುರ್ಚಿ

ಇದನ್ನು ನನಗೆ ಮೊದಲು ಹೇಳಿದವರು ಕಾಲೇಜು ಕ್ಯಾಂಟೀನಿನ ಅಡುಗೆಯಕ್ಕ. ಓದಿದವರ ಕಥೆ; ನಾನೂ ನಾಲ್ಕಕ್ಷರ ಓದಿದ್ದರಿಂದ ನನಗೂ ಇದರಲ್ಲಿ ಪಾಲಿದೆ.

ಆ ಕಾಲೇಜಿನಲ್ಲಿ ಊಟದ ನಂತರ ಅಧ್ಯಾಪಕರು ತೂಕಡಿಸುವುದು ಸರ್ವವಿದಿತ ಸಂಗತಿ. ಅದನ್ನು ತಪ್ಪಿಸಲೆಂದು ಪ್ರಿನ್ಸಿಪಾಲರು ಸಭೆ ಕರೆದರು. ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಚಾಳಿಯಿದ್ದ ಜೀವಶಾಸ್ತ್ರದ ಮೇಡಂ ಎದ್ದುನಿಂತರು.

"ಸರ್, ಜೀವಕೋಶ ಆಹಾರವನ್ನ ಒಂದೇ ಸಲಕ್ಕೆ ಉರಿಸಲ್ಲ. ಹಂತಹಂತವಾಗಿ ಒಡೆದು, ಚೂರುಚೂರೇ ಶಕ್ತಿ ಹಿಡ್ಕೊಳ್ಳುತ್ತೆ. ಇಲ್ದಿದ್ರೆ ನಾವು ಸುಟ್ಟು ಬೂದಿ."

"ನಮ್ಮ ಕ್ಯಾಂಟೀನೂ ಹಾಗೇ ನಡೀಲಿ!" ಎಂದರು ಪ್ರಿನ್ಸಿಪಾಲರು.

ಮರುದಿನವೇ ಪ್ರಕಟಣೆ: "ಯಾರೂ ನೇರವಾಗಿ ಉಣ್ಣತಕ್ಕದ್ದಲ್ಲ. ತಟ್ಟೆಯು ಮೇಜಿನಿಂದ ಮೇಜಿಗೆ ಸಾಗತಕ್ಕದ್ದು. ಮೊದಲ ಮೇಜಿನವರು ಎರಡು ತುತ್ತು, ಮಿಕ್ಕವರು ಒಂದೊಂದು ತುತ್ತು ತೆಗೆದುಕೊಂಡು ಮುಂದಕ್ಕೆ ದಾಟಿಸತಕ್ಕದ್ದು."

ಕೊನೆಯ ಮೇಜಿನವರದು ಖಾಲಿ ತಟ್ಟೆ ಇಸಿದುಕೊಂಡು ನೀರಿಗೆ ಹಾಕುವ ಕೆಲಸ. ಮೇಡಂ ಪ್ರಕಾರ ಅದು ಆಮ್ಲಜನಕದ ಹುದ್ದೆ; ಕೋಶದಲ್ಲೂ ಕೊನೆಗೆ ಉಳಿದದ್ದನ್ನು ಇಸಿದುಕೊಂಡು ನೀರಾಗಿಸುವುದು ಅದೇ.

"ಎಂಜಲು ತಟ್ಟೆ ಎತ್ತೋಕಾ ನಾನು ಪಿಎಚ್‌ಡಿ ಮಾಡಿದ್ದು?" ಎಂದರು ಇತಿಹಾಸದ ಮೇಷ್ಟ್ರು.

ಮೇಡಂ ತಾವೇ ಕೂರಬಹುದಿತ್ತು. ಆದರೆ ಅವರ ಪಿಎಚ್‌ಡಿ ಆಮ್ಲಜನಕದ ಮೇಲೆಯೇ ಆಗಿದ್ದರಿಂದ, ಅದರ ಕೆಲಸವನ್ನೂ ಮಾಡುವುದು ಘನತೆಗೆ ತಕ್ಕದ್ದೆನಿಸಲಿಲ್ಲ.

ಖಾಲಿ ತಟ್ಟೆ ಇಸಿದುಕೊಳ್ಳುವವರಿಲ್ಲದೆ ಕೊನೆಯ ಮೇಜಿನ ಮುಂದೆ ಸಾಲು ನಿಂತಿತು. ಅದರ ಹಿಂದಿನ ಮೇಜಿನದೂ ನಿಂತಿತು. ನಡುವಿನ ಮೇಜಿನಲ್ಲಿದ್ದ ಮೇಡಂ ತುಂಬಿದ ತಟ್ಟೆಯನ್ನು ಕಣ್ಣಳತೆಯಲ್ಲೇ ಕಂಡರು, ಕೈಗೆಟುಕಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮಧ್ಯಾಹ್ನ ಕ್ಲಾಸು ಬೇರೆ. ಕಣ್ಣು ಕತ್ತಲಿಟ್ಟಿತು.

"ಆಮ್ಲಜನಕ ಇಲ್ದಿದ್ರೆ ಕೋಶ ಏನ್ ಮಾಡುತ್ತೆ, ಮೇಡಂ?" ಪ್ರಿನ್ಸಿಪಾಲರು ಕೇಳಿದರು.

ಬಾಯಿ ಮುಚ್ಚಿಕೊಂಡಿದ್ದರೆ ಊಟ ಸಿಗುತ್ತಿತ್ತೇನೋ. ಆದರೆ ಪ್ರಶ್ನೆ ಸಿಲಬಸ್ಸಿನದು.

"ಮೊದಲ ಎರಡು ತುತ್ತಿಗೇ ತೃಪ್ತಿಪಟ್ಟು ಮಿಕ್ಕಿದ್ದನ್ನ ಹುಳಿ ಮಾಡಿಬಿಡುತ್ತೆ, ಸರ್."

"ಹಾಗಾದ್ರೆ ಕೊನೆ ಕುರ್ಚಿ ಖಾಲಿ ಇರೋಕೂ ನಿಯಮದಲ್ಲಿ ಅವಕಾಶ ಇದೆ ಅಂದಂಗಾಯ್ತು!"

ಅಂದಿನಿಂದ ಎಲ್ಲರಿಗೂ ಎರಡೇ ತುತ್ತು. ಮಿಕ್ಕಿದ್ದು ಹುಳಿಯಾಗಲು ಮೀಸಲು. ಕೊನೆಯ ಕುರ್ಚಿಗೆ ಗೌರವಾರ್ಥ ಮೆತ್ತೆ ಹಾಕಲಾಯಿತು. ಹಸಿದ ಹೊಟ್ಟೆಗೆ ನಿದ್ದೆ ಬಾರದೆಂಬಂತೆ ತೂಕಡಿಕೆಯೂ ನಿಂತಿತು. ಯೋಜನೆ ಯಶಸ್ವಿಯೆಂದು ಸಭೆ ಒಮ್ಮತದಿಂದ ಒಪ್ಪಿತು. ಮೇಡಂಗೆ ಶಾಲು ಹೊದಿಸಿದರು. ಎರಡು ತುತ್ತಿನ ದನಿಯಲ್ಲಿ ಅವರು ವಂದನಾರ್ಪಣೆಯನ್ನೂ ಮಾಡಿದರು.

ಕೇಳಿದಿರಲ್ಲ? ಇನ್ನೊಬ್ಬರಿಗೆ ದಾಟಿಸಿ. ನೀವು ಹಿಡಿದುಕೊಂಡು ಕೂತರೆ, ನನ್ನ ಹಿಂದಿರುವ ಅಡುಗೆಯಕ್ಕನವರೆಗೂ ಸಾಲು ನಿಂತುಬಿಡುತ್ತದೆ.