ಶರಣೆಯರು ಈಗ ಇದ್ದಿದ್ದರೆ

ಮಠದಲ್ಲಿ ಕೇಳಿ ಬಂದದ್ದನ್ನು ಮನೆಯಲ್ಲಿ ಹೇಳಹೋದಾಗಲೆಲ್ಲ ನನಗೊಂದು ಫಜೀತಿ ಕಾದೇ ಇರುತ್ತದೆ. ಕುಕನೂರಿನ ಹತ್ತಿರದ ಹಳ್ಳಿ ನಮ್ಮದು. ಹುಣ್ಣಿಮೆಗೆ ಮಠಕ್ಕೆ ಹೋಗುವುದನ್ನು ನಾನು ತಪ್ಪಿಸಿಲ್ಲ, ಫಜೀತಿಯೂ ತಪ್ಪಿಲ್ಲ.

೧. ಎಂಟು ದಿವಸದ ನೀರು

ಒಂದು ಹುಣ್ಣಿಮೆಗೆ ಮಠದ ಸ್ವಾಮಿಗಳು, ನಾವು ಅಜ್ಜಾರು ಅನ್ನುತ್ತೇವೆ, ಹಿಂದಿನ ಶರಣೆಯರು ಮನೆಗೆಲಸ ಮಾಡುತ್ತಲೇ ವಚನ ಕಟ್ಟಿದ್ದನ್ನು ಹೇಳಿದರು. "ಅವರು ಈಗ ಇದ್ದಿದ್ರ ಹ್ಯಾಂಗ ಬರೀತಿದ್ರು? ಮನಿಗೆ ಹೋಗಿ ವಿಚಾರ ಮಾಡ್ರಿ" ಎಂದರು.

ನಾನು ವಿಚಾರ ಮಾಡಿಕೊಂಡೇ ಮನೆ ಸೇರಿ ನಮ್ಮಾಕೆಗೆ ಹೇಳಿದೆ: "ಈಗ ಅವರಿಗೆ ಭಾಳ ಸಸಾರ ನೋಡು. ಗ್ಯಾಸ್ ಐತಿ, ಮಿಕ್ಸರ್ ಐತಿ, ಬಾಗಲದಾಗ ನಳ ಐತಿ. ದಿನಾ ಹತ್ತು ವಚನ ಬರೀತಿದ್ರು."

"ಖರೆ ಐತ್ರಿ. ಆ ನಳಕ್ಕ ಎಂಟು ದಿವಸಕ್ಕೊಮ್ಮಿ ನೀರು ಬಿಡ್ತಾರ, ಈಗ ಬಿಟ್ಟಾರ. ನೀವು ಕೊಡ ತುಂಬ್ರಿ, ನಾ ಹತ್ತು ಬರೀತೀನಿ."

ತುಂಬಿದೆ. ಹದಿನಾರನೇ ಕೊಡಕ್ಕೆ ನನಗೆ ಸೊಂಟ ಹಿಡಿಯಿತು, ಆಕೆಗೆ ಖರೆಯೇ ಒಂದು ಭಜನೆಯ ಪದ ಹೊಳೆಯಿತು.

೨. ಮೇಜು

ಪದದ ಮೊದಲ ನುಡಿ ಹೊಳೆದ ಮೇಲೆ ಆಕೆಗೊಂದು ಆಸೆ ಹುಟ್ಟಿತು. "ನಾ ಕಟ್ಟಿದ್ದನ್ನ ಒಮ್ಮಿ ಮಠದಾಗ ಹಾಡಿಸಬೇಕ್ರಿ. ಆದ್ರ ಪದ ಕೇಳಿ ಮಂದಿ ನಕ್ಕರ ಮತ್ತ ಪೆನ್ನು ಮುಟ್ಟಂಗಿಲ್ಲ."

ಬರೆಯುವವರಿಗೆ ಮೇಜು ಬೇಕೆಂದು ನಾನೇ ಪಡಸಾಲೆಯಲ್ಲಿ ಮೇಜು, ಕುರ್ಚಿ ಹಾಕಿದೆ. ಆಕೆ ಕೂತು ಪೆನ್ನು ತೆಗೆದಳೋ ಇಲ್ಲವೋ, ಮಗ್ಗಲ ಮನೆಯಾಕೆ ಹಣಿಕಿ ಹಾಕಿದಳು. "ಅಕ್ಕಾರ, ಅರ್ಜಿ ಬರಿಯಾಕ ಕುಂತೀರೇನು? ನಂದೂ ಒಂದು ಬರೀರಿ, ಪಿಂಚಣಿದು." ಆಕೆಯ ಹಿಂದೆ ರೇಷನ್ ಕಾರ್ಡಿನವರು, ಅವರ ಹಿಂದೆ ಹೊಲದ ಪಹಣಿಯವರು.

ಸಂಜೆಗೆ ಕೇಳಿದೆ: "ಪದ ಎಲ್ಲಿ ತನಕ ಬಂತು?"

"'ಮಾನ್ಯರೇ' ತನಕ ಬಂದೈತ್ರಿ."

೩. ಅಜ್ಜಾರ ಮುಂದೆ

ಮೇಜು ಅಟ್ಟ ಸೇರಿತು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಪದ ಪೂರಾ ಮಾಡಿದಳು. ಬಡಿಯುತ್ತಲೇ, ನಡುವೆ ನನ್ನನ್ನೂ ಗದರುತ್ತ, ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಠದ ಭಜನೆಯ ಹೆಣ್ಣುಮಕ್ಕಳಿಗೆ ಕಳಿಸಿದಳು. ತಾಲೀಮಿಗೆ ಮಾತ್ರ ನಾಚಿಕೊಂಡು ಹೋಗಲಿಲ್ಲ. ಅವರೋ ನೇಮದವರು, ಕಟ್ಟಿದವರ ಪದದಲ್ಲಿ ಒಂದಕ್ಷರ ಬಿಡಬಾರದು ಎಂದು ಕೇಳಿದ್ದಷ್ಟನ್ನೂ ಬಾಯಿಪಾಠ ಮಾಡಿದ್ದರು.

ಹುಣ್ಣಿಮೆ ಬಂತು. ಮಠ ತುಂಬಿತ್ತು. ಎರಡು ನುಡಿ ಚಂದಾಗಿ ಹಾಡಿದರು. ಮೂರನೆಯದಕ್ಕೆ ಹನ್ನೆರಡು ಮಂದಿ ತಾಳ ಕುಟ್ಟಿ, ಕಣ್ಣು ಮುಚ್ಚಿ, ಎರಡೆರಡು ಸಲ ಹಾಡಿದರು:

"ಏನ್ರೀ, ಟವೆಲ್ಲು ನಿಮ್ಮ ಹೆಗಲ ಮ್ಯಾಲೇ ಐತಿ, ಮನಿಯೆಲ್ಲಾ ಯಾಕ ಹುಡುಕ್ತೀರೀ!"

ನಮ್ಮಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕೈ ತಾನೇ ಹೆಗಲಿಗೆ ಹೋಯಿತು. ಇನ್ನು ಮಂದಿ ನಕ್ಕರೆ ಆಕೆಯ ಬರವಣಿಗೆ ಮುಗಿಯಿತು ಎಂದು ನಾನು ದೇವರನ್ನು ನೆನೆದೆ.

ಯಾರೂ ನಗಲಿಲ್ಲ. ಅಜ್ಜಾರು ತಲೆದೂಗಿದರು. "ಎಂಥಾ ಮಾತು! ಶಿವ ನಮ್ಮ ಮೈಮ್ಯಾಲೇ ಅದಾನ, ನಾವು ಊರೆಲ್ಲ ಹುಡುಕ್ತೀವಿ. ತಾಯೀ, ಈ ನುಡಿ ನಿಮಗ ಹ್ಯಾಂಗ ಹೊಳೀತು? ಮುಂದಿನ ಹುಣ್ಣಿವಿಗೂ ಇಂಥಾದ್ದೊಂದು ಬರೀಬೇಕು."

ಆಕೆ ಎದ್ದು ಕೈ ಮುಗಿದಳು. "ಬರೀತೀನ್ರಿ ಅಜ್ಜಾರ. ಹೊಳಿಸಿದವರು ಅಲ್ಲೇ ಕಂಬಕ್ಕ ಆತು ಕುಂತಾರ. ದಿನಾ ಏನರ ಒಂದು ಕಳಕೊಂತಾರ್ರಿ."