ಕಾಗೆಗಳ ಹಾಜರಿ ಪುಸ್ತಕ

ನಮ್ಮತ್ತೆ ಕಾಗೆಗಳಿಗೆ ಹಾಜರಿ ಹಾಕುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಚಾಮರಾಜಪೇಟೆಯ ನಮ್ಮ ಕ್ರಾಸಿಗೆ ಬಂದು ತಲೆಯೆತ್ತಿ ನೋಡಿ. ಒಂದು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಇನ್ನೊಂದು ಮಹಡಿಯಷ್ಟೇ ಎತ್ತರದ ಕಂಬ ಕಾಣುತ್ತದೆ. ಅದರ ತುದಿಯಲ್ಲಿ ಮುಷ್ಟಿಗಾತ್ರದ ಕ್ಯಾಮೆರಾ. ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯಲ್ಲಿ, ತಲೆಗೆ ಅನ್ನ ಬಸಿಯುವ ತೂತಿನ ಪಾತ್ರೆ ಕವುಚಿಕೊಂಡು, ಮೊಬೈಲ್ ನೋಡುತ್ತ ಏನನ್ನೋ ಬರೆಯುತ್ತಿರುವ ಹೆಂಗಸೇ ನಮ್ಮತ್ತೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ನೆಮ್ಮದಿಯಾಗಿ ಬದುಕಿದವರುಂಟೇ? ಈ ಅತ್ತೆ ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಅರ್ಧ ಚಾಮರಾಜಪೇಟೆಯ ಕಿವಿ ಹಿಂಡಿ ನಿವೃತ್ತಳಾದಳು. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪನದು ಊರೂರು ಸುತ್ತುವ ಕೆಲಸ. ಬೇಸಿಗೆ ರಜೆಗೆಂದು ನಾನು ಅತ್ತೆಯ ಮನೆಗೆ ಬಂದೆ. ಆ ರಜೆ ಇನ್ನೂ ಮುಗಿದಿಲ್ಲ.

ಕ್ಯಾಮೆರಾ ತಂದವಳು ನಾನೇ. ಬೆಳಗ್ಗೆ ವಾಕಿಂಗ್ ಹೋಗುವ ಸಭ್ಯ ಜನ ನಮ್ಮ ಕಾಂಪೌಂಡಿನ ದಾಸವಾಳವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ಅವರನ್ನು ಹಿಡಿಯೋಣ ಎಂದು ಗೇಟಿನ ಮೇಲೆ ಹಾಕಿಸಿದ್ದೆ. ಒಂದು ದಿನ ಆಫೀಸಿನಲ್ಲಿ ಮೊಬೈಲ್ ತೆರೆದರೆ ಗೇಟೇ ಇಲ್ಲ! ಪರದೆಯ ತುಂಬ ಒಂದು ಕಾಗೆ ನನ್ನನ್ನೇ ಗುರಾಯಿಸುತ್ತಿದೆ.

“ಅತ್ತೆ, ಹೂವಿನ ಕಳ್ಳರ ಗತಿ ಏನು?” ಎಂದು ಫೋನ್ ಮಾಡಿ ಕೇಳಿದೆ.

“ಹೂ ದೇವರಿಗೆ ತಾನೇ ಹೋಗ್ತಿರೋದು? ಹೋಗ್ಲಿ ಬಿಡು. ಕ್ಯಾಮೆರಾ ಬಿಚ್ಚಿ ಮಹಡಿಗೆ ತಂದಿಟ್ಟಿದೀನಿ. ಮಾವಿನಮರದಲ್ಲಿ ಕಾಗೆ ಗೂಡು ಕಟ್ತಿದೆ ಕಣೇ. ಕೆಳಗಿಂದ ನೋಡಿದ್ರೆ ಬರೀ ತಳ ಕಾಣುತ್ತೆ. ಮೇಲಿಂದ ನೋಡ್ಬೇಡ್ವಾ?”

ಮೇಲಿನಿಂದ ನೋಡುವುದಕ್ಕೆ ಕಂಬ ಬೇಕಲ್ಲ! ಅಕ್ಕಪಕ್ಕದ ಮಹಡಿಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೇ ಟಿವಿ ಆಂಟೆನಾ ಪೈಪುಗಳನ್ನು ಅತ್ತೆ ಬೇಡಿ ತಂದಳು. ಪ್ಲಂಬರನ್ನು ಕರೆಸಿ ಒಂದಕ್ಕೊಂದು ಜೋಡಿಸಿದಳು. ತರಗುಪೇಟೆಯಿಂದ ಮೂಟೆ ಕಟ್ಟುವ ಹಗ್ಗ ತರಿಸಿ ನಾಲ್ಕು ಕಡೆ ಎಳೆದು ಬಿಗಿಸಿದಳು.

“ಮೇಡಂ, ಇದ್ರಲ್ಲಿ ಟಿವಿ ಬರುತ್ತಾ?” ಎಂದ ಪ್ಲಂಬರ್.

“ಬರುತ್ತಪ್ಪ. ಒಂದೇ ಚಾನೆಲ್.”

ಕ್ಯಾಮೆರಾ ಬಿಗಿಯಲೆಂದು ತಂದ ಕಟ್ಟುತಂತಿಯ ತುಂಡುಗಳು ಮಾತ್ರ ಒಂದೊಂದಾಗಿ ಮಾಯವಾಗುತ್ತಿದ್ದವು. ಪ್ಲಂಬರ್ ಮೇಲೆ ನಮಗೆ ಗುಮಾನಿ. ಕ್ಯಾಮೆರಾ ಶುರುವಾದ ಮೇಲೆ ನೋಡಿದರೆ ಅಷ್ಟೂ ತಂತಿ ಗೂಡಿನಲ್ಲಿತ್ತು! ಅತ್ತೆ ಪ್ಲಂಬರನ್ನು ಕರೆದು ಕಾಫಿ ಕೊಟ್ಟಳು. ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನವೇ ಬೀರುವಿನಿಂದ ಕೆಂಪು ರಟ್ಟಿನ ಹಳೇ ಹಾಜರಿ ಪುಸ್ತಕ ಹೊರಬಂತು. ಮೊದಲರ್ಧದ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಬಿಗಿದಿತ್ತು. ಯಾವುದೋ ಕಾಲದ ಮಕ್ಕಳ ಹೆಸರುಗಳಿರಬೇಕು ಎಂದುಕೊಂಡೆ. ಉಳಿದರ್ಧದಲ್ಲಿ ಕಾಗೆಗಳ ಸಂಸಾರ ಶುರುವಾಯಿತು. “ಹೆಣ್ಣು: ಬೆಳಗ್ಗೆ ಆರೂಕಾಲು, ಹಾಜರು. ಗಂಡು: ಗೈರುಹಾಜರು, ಕಾರಣ ತಿಳಿಸಿಲ್ಲ.”

“ಗಂಡು ಯಾವುದು, ಹೆಣ್ಣು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅತ್ತೆ?”

“ಪಕ್ಕದಲ್ಲಿ ಕೂತ್ಕೊಂಡು ಬರೀ ಸಲಹೆ ಕೊಡ್ತಿದ್ಯಲ್ಲ, ಅದು ಗಂಡು.”

ಗೂಡಿಗೆ ಮೊಟ್ಟೆಗಳು ಬಂದವು, ಎರಡು. ಒಂದು ಮಧ್ಯಾಹ್ನ ಅವು ಮೂರಾದವು. ಮೂರನೆಯದು ಸ್ವಲ್ಪ ಚಿಕ್ಕದು, ಬಣ್ಣವೂ ಬೇರೆ. ಗಂಡು ಕೋಗಿಲೆ ಕೂಗಿ ಕೂಗಿ ಕಾಗೆಗಳನ್ನು ಕೆಣಕಿ ಓಡಿಸಿಕೊಂಡು ಹೋದಾಗ, ಹೆಣ್ಣು ಕೋಗಿಲೆ ಬಂದು ಮೊಟ್ಟೆ ಇಟ್ಟು ಹೋಗಿತ್ತು. ಎಲ್ಲವೂ ಮೊಬೈಲಿನಲ್ಲಿ ದಾಖಲಾಗಿತ್ತು. ಹೂವಿನ ಕಳ್ಳರಿಗೆ ಇಟ್ಟ ಕ್ಯಾಮೆರಾ ಕೊನೆಗೂ ಒಬ್ಬ ಕಳ್ಳಿಯನ್ನು ಹಿಡಿಯಿತು!

“ತೆಗೆದುಬಿಡೋಣ್ವಾ ಅತ್ತೆ? ಪಾಪ, ಕಾಗೆಗೆ ಮೋಸ ಅಲ್ವಾ?” ಎಂದೆ.

“ಮುಟ್ಟಿ ನೋಡು, ಕೈ ಮುರೀತೀನಿ!” ಎಂದಳು. ಅತ್ತೆ ನನಗೆ ಅಷ್ಟು ಜೋರಾಗಿ ಗದರಿದ್ದೇ ಇಲ್ಲ. ನನಗೆ ಆಶ್ಚರ್ಯವಾಯಿತು.

ಕಾಗೆಯ ಮೊಟ್ಟೆಗಳು ಯಾಕೋ ಒಡೆಯಲಿಲ್ಲ. ಒಡೆದದ್ದು ಅದೊಂದೇ. ಕೆಂಪು ಬಾಯಿ ತೆರೆದುಕೊಂಡು ಸದಾ ಹಸಿವು, ಹಸಿವು ಎನ್ನುವ ಮರಿ! ಮರಿ ಬಂದ ಮೇಲೆ ಕಾಗೆಗಳ ಸಿಟ್ಟೂ ಏರಿತು. ಹತ್ತಿರ ಸುಳಿದವರ ತಲೆ ಕುಕ್ಕತೊಡಗಿದವು. ಅತ್ತೆ ಪಾತ್ರೆ ಕವುಚಿಕೊಂಡಳು. ಪಕ್ಕದ ಮನೆಯ ಯಜಮಾನರು ಏನು ಮಾಡಬೇಕು? ತರಗುಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುವ ದೊಡ್ಡ ಮನುಷ್ಯರು, ತಲೆಯಲ್ಲಿ ಒಂದು ಕೂದಲೂ ಇಲ್ಲ. ಗೂಡಿದ್ದ ಕೊಂಬೆ ಅವರ ಮಹಡಿಯ ಮೇಲೇ ಬಾಗಿತ್ತು. ಹೆಲ್ಮೆಟ್ ಹಾಕಿ, ಕೋಲು ಹಿಡಿದು ಹತ್ತು ದಿನ ಯುದ್ಧ ಮಾಡಿದರು. ಕೊನೆಗೆ ಗೇಟಿನ ಹತ್ತಿರ ಬಂದು, “ಭಾನುವಾರ ಕೊಂಬೆ ಕಡಿಸ್ತಿದೀನಿ ಮೇಡಂ, ಬೇಜಾರ್ ಮಾಡ್ಕೋಬೇಡಿ” ಎಂದರು.

“ಗೂಡಲ್ಲಿರೋ ಕೋಗಿಲೆ ಮರಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಎರಡು ವಾರ ತಡೀರಿ,” ಎಂದಳು ಅತ್ತೆ.

“ಎರಡು ವಾರಕ್ಕೆ ನನ್ನ ತಲೆ ಉಳಿಯಲ್ಲ!”

ಅಂದಿನಿಂದ ಅತ್ತೆಗೆ ಊಟ ರುಚಿಸಲಿಲ್ಲ. ಗೂಡನ್ನು ಬೇರೆ ಕಡೆ ಇಡಬಹುದೇ ಎಂದು ಕಂಡಕಂಡವರನ್ನು ಕೇಳಿದಳು. ಇಟ್ಟರೆ ಕಾಗೆ ಬಿಟ್ಟು ಹೋಗುತ್ತದೆ ಎಂದರು ಎಲ್ಲರೂ.

ಗುರುವಾರ ಯಜಮಾನರ ತಂದೆಯ ತಿಥಿ. ಮಹಡಿಯ ಗೋಡೆಯ ಮೇಲೆ ಬಾಳೆಲೆ ಹಾಕಿ ಅನ್ನ, ವಡೆ, ಪಾಯಸ ಇಟ್ಟರು. ಕಾಗೆ ಮುಟ್ಟದೆ ಮನೆಯವರು ಊಟ ಮಾಡುವಂತಿಲ್ಲ. ಕಾ ಕಾ ಎಂದು ಕರೆದದ್ದೇ ಕರೆದದ್ದು! ಬೇರೆ ಕಾಗೆಗಳನ್ನು ಈ ಜೋಡಿ ಹತ್ತಿರ ಸೇರಿಸುವುದಿಲ್ಲ, ಈ ಜೋಡಿ ಯಜಮಾನರನ್ನು ಕಂಡರೆ ಬರುವುದಿಲ್ಲ. ಎರಡು ಗಂಟೆಯಾಯಿತು. ಕೊನೆಗೆ ಯಜಮಾನರು ಪಂಚೆಯಲ್ಲೇ ನಮ್ಮ ಮಹಡಿ ಹತ್ತಿ ಬಂದರು.

“ಮೇಡಂ, ಸ್ವಲ್ಪ ಕ್ಯಾಮೆರಾ ನೋಡಿ ಹೇಳಿ. ಬರುತ್ತಾ? ನಮ್ಮ ತಾಯಿಗೆ ಎಂಬತ್ತೆರಡು ವರ್ಷ, ಬೆಳಗ್ಗಿಂದ ಉಪವಾಸ ಕೂತಿದಾರೆ.”

“ಹತ್ತು ದಿನ ಕೋಲಲ್ಲಿ ಓಡಿಸಿ ಈಗ ಊಟಕ್ಕೆ ಕರೆದ್ರೆ ಯಾರು ಬರ್ತಾರ್ರೀ? ನಿಮ್ಮ ಮುಖ ಅದಕ್ಕೆ ಚೆನ್ನಾಗಿ ಗೊತ್ತು. ಬನ್ನಿ, ಈ ಟ್ಯಾಂಕಿನ ಹಿಂದೆ ಕೂತ್ಕೊಳಿ. ಉಸಿರೆತ್ತಬೇಡಿ.”

ಅತ್ತೆ ಮೊಬೈಲ್ ಹಿಡಿದು ವೀಕ್ಷಕ ವಿವರಣೆ ಆರಂಭಿಸಿದಳು. “ಎಲೆ ನೋಡ್ತು... ಕತ್ತು ತಿರುಗಿಸ್ತು... ಹೊರಡ್ತು, ಹೊರಡ್ತು!” ಕಾಗೆ ಗೋಡೆಗೆ ಇಳಿದು, ಒಂದು ವಡೆ ಕಚ್ಚಿಕೊಂಡು ನೇರ ಗೂಡಿಗೆ ಹಾರಿ, ಮುರಿದು ಮರಿಯ ಬಾಯಿಗೆ ತುರುಕಿತು. ಯಜಮಾನರು ಮೊಬೈಲಿಗೆ ಬಗ್ಗಿದರು.

“ಅಯ್ಯೋ! ನಮ್ಮಪ್ಪನ ವಡೆ ಕೋಗಿಲೆ ಮರಿಗೆ ಹೋಯ್ತಲ್ರೀ! ಅದು ಅದರ ಮರಿನೂ ಅಲ್ಲ!”

ಅತ್ತೆ ತಲೆಯ ಮೇಲಿನ ಪಾತ್ರೆ ತೆಗೆದು ಪಕ್ಕಕ್ಕಿಟ್ಟಳು. “ನಿಮ್ಮ ತಂದೆ ಅಂಗಡಿ ಮುಂದೆ ಹಸಿದವರು ಬಂದು ನಿಂತ್ರೆ, ನೀನು ಯಾರ ಮಗ ಅಂತ ಕೇಳ್ತಿದ್ರಾ?”

ಯಜಮಾನರು ಮೊಬೈಲಿನಿಂದ ತಲೆಯೆತ್ತಿದರು. “ಇಲ್ಲ ಮೇಡಂ. ಮೊದ್ಲು ಊಟ ಹಾಕ್ರೋ ಅಂತಿದ್ರು,” ಎಂದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಭಾನುವಾರ ಗರಗಸ ಹಿಡಿದು ಬಂದವರು ಅವರ ಮನೆಯಲ್ಲಿ ಉಪ್ಪಿಟ್ಟು ತಿಂದು ವಾಪಸು ಹೋದರು.

ಹದಿನೈದು ದಿನದ ಮೇಲೆ ಮರಿ ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸಿ, ಒಂದು ಸಂಜೆ ಹಾರಿಹೋಯಿತು. ಕಾಗೆ ಬಾಯಲ್ಲಿ ತುತ್ತು ಹಿಡಿದು ಬಂದು ಖಾಲಿ ಗೂಡಿನ ಅಂಚಿನಲ್ಲಿ ಕೂತಿತು. ಅತ್ತೆ ಪುಸ್ತಕವನ್ನು ನನ್ನ ಕೈಗಿತ್ತು, “ಇವತ್ತು ನೀನೇ ಬರಿ,” ಎಂದಳು. ತೆರೆಯುವಾಗ ಹಳೇ ರಬ್ಬರ್ ಬ್ಯಾಂಡ್ ತುಂಡಾಗಿ ಮೊದಲರ್ಧ ಬಿಚ್ಚಿಕೊಂಡಿತು. ಅಲ್ಲಿದ್ದದ್ದು ಒಂದೇ ಹೆಸರು, ನನ್ನದು.

“ಒಂದನೇ ದಿನ: ಊಟ ಇಲ್ಲ. ಮಾತಿಲ್ಲ. ಎರಡನೇ ದಿನ: ಅರ್ಧ ಇಡ್ಲಿ. ಐದನೇ ದಿನ: ಎರಡು ಇಡ್ಲಿ. ಚಟ್ನಿ ಬೇಡವಂತೆ. ಒಂಬತ್ತನೇ ದಿನ: ಮಧ್ಯಾಹ್ನ ನನ್ನ ಸೆರಗು ಹಿಡಿದುಕೊಂಡು ನಿದ್ದೆ ಮಾಡಿತು. ಎರಡು ಗಂಟೆ ಅಲುಗಾಡಲಿಲ್ಲ, ಕಾಲು ಜೋಮು ಹಿಡಿಯಿತು. ನಲವತ್ತನೇ ದಿನ: ರಜೆ ಮುಗಿಯಿತು. ನಾಳೆ ಕಳಿಸಬೇಕು. ನಲವತ್ತೊಂದನೇ ದಿನ: ಕಳಿಸಲಿಲ್ಲ. ಹಾಜರು.”

ಆಮೇಲೆ ಹಾಳೆ ಹಾಳೆಗೂ ಹಾಜರು, ಹಾಜರು, ಹಾಜರು. ನನಗೆ ಅಕ್ಷರಗಳು ಕಾಣದಂತಾದವು.

“ಅದೇನು ಹಳೇದೆಲ್ಲ ಓದ್ತಿದೀಯಾ? ಮರಿ ಹಾರಿಹೋಯ್ತು ಅಂತ ಬರಿ,” ಎಂದಳು ಅತ್ತೆ, ಮಾವಿನಮರದ ಕಡೆಗೇ ನೋಡುತ್ತ.

ಬರೆದೆ. ಅದರ ಕೆಳಗೆ, ಅವಳನ್ನು ಕೇಳದೆಯೇ, ನನ್ನ ಹೆಸರು ಬರೆದು ಮುಂದೆ ಹಾಜರು ಎಂದು ಹಾಕಿದೆ.