ಅರ್ಧ ಮೀಟರ್ ಕಡಿಮೆ ಬಿದ್ದ ಮನೆ

ಬಾಡಿಗೆ ಮನೆ ಹುಡುಕುವವನಿಗೆ ಅವಮಾನ ಒಂದೇ ಸಲಕ್ಕೆ ಆಗಿ ಮುಗಿಯುವುದಿಲ್ಲ, ಕಂತುಕಂತಾಗಿ ಆಗುತ್ತಲೇ ಇರುತ್ತದೆ. ಜರ್ಮನಿಯಲ್ಲಾದರೆ ಪ್ರತಿ ಕಂತಿಗೂ ಸೀಲು ಹೊಡೆದು ಒಂದು ಕಾಗದ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಜರ್ಮನ್ ಸರಕಾರ ಕಂಪ್ಯೂಟರ್ ಇಂಜಿನಿಯರುಗಳಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದುಕೊಂಡು ನಾನು ಆಖೆನ್ ಊರಿಗೆ ಬಂದ ಹೊಸತು. ಕಂಪನಿ ಕೊಟ್ಟ ಒಂಟಿ ಕೋಣೆಯಲ್ಲಿದ್ದೆ. ಹೆಂಡತಿ ಮತ್ತು ಐದು ವರ್ಷದ ಮಗಳು ಧಾರವಾಡದಲ್ಲಿದ್ದರು. ಅವರಿಗೆ ವೀಸಾ ಸಿಗಬೇಕಾದರೆ, ಮೂವರು ಹಿಡಿಸುವಷ್ಟು ದೊಡ್ಡ ಮನೆಯ ಕರಾರುಪತ್ರವನ್ನು ವಿದೇಶಿಯರ ಕಚೇರಿಗೆ ತೋರಿಸಬೇಕಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಹೋಗುತ್ತಾರೆ. ಇಲ್ಲಿ ಮದುವೆಯಾಗಿ ಏಳು ವರ್ಷವಾದ ಮೇಲೂ ನೋಡುತ್ತಾರೆ.

ಬಡವನಾಗಲು ಅರ್ಹತೆ ಸಾಲದು

ನಮ್ಮ ಆಫೀಸಿನಲ್ಲಿ ಮಂಗಳೂರಿನವನೊಬ್ಬನಿದ್ದ. ನನಗಿಂತ ಎಂಟು ತಿಂಗಳು ಮೊದಲು ಬಂದವನಾದ್ದರಿಂದ ಜರ್ಮನಿಯನ್ನು ತಾನೇ ಕಟ್ಟಿಸಿದಂತೆ ಮಾತಾಡುತ್ತಿದ್ದ. "ಎಂತಕ್ಕೆ ಸುಮ್ಮನೆ ಜಾಸ್ತಿ ಬಾಡಿಗೆ ಕೊಡುದು ಮಾರಾಯ? ಸರಕಾರವೇ ಬಾಡಿಗೆ ಕಡಿಮೆ ಮಾಡಿಸಿದ ಮನೆಗಳು ಉಂಟು. ಸೋಜಿಯಾಲ್‌ವೋನುಂಗ್ ಅಂತ. ಹೋಗಿ ಕೇಳು, ಕೊಡ್ತಾರೆ" ಎಂದ.

ವಸತಿ ಕಚೇರಿಗೆ ಹೋಗಿ ಕೇಳಿದೆ. ಕೌಂಟರಿನ ಹೆಂಗಸು ನನ್ನ ಸಂಬಳದ ಚೀಟಿಯನ್ನು ನೋಡಿ, ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ವಾಪಸು ಕೊಟ್ಟಳು. "ಈ ಮನೆಗಳು ಕಡಿಮೆ ಆದಾಯದವರಿಗೆ. ನಿಮ್ಮ ಸಂಬಳ ಜಾಸ್ತಿ."

"ಇಷ್ಟು ಸಂಬಳ ಇರಲೇಬೇಕು ಅಂತ ಷರತ್ತು ಹಾಕಿ ನನ್ನನ್ನು ಕರೆಸಿದ್ದೇ ನಿಮ್ಮ ಸರಕಾರ" ಎಂದೆ.

"ಅದು ಬೇರೆ ಕಚೇರಿ. ಸಂಬಳ ಕಡಿಮೆಯಾದ ಮೇಲೆ ಬನ್ನಿ."

"ಕಡಿಮೆಯಾದರೆ ನನ್ನನ್ನು ಊರಿಗೆ ಕಳಿಸಿಬಿಡುತ್ತಾರೆ."

ಆಕೆ ಸ್ವಲ್ಪ ಯೋಚಿಸಿ, ಬೆಳಗಿನಿಂದ ಮೊದಲ ಸಲ ಎನ್ನುವಂತೆ ನಕ್ಕಳು. "ಹಾಗಾದರೆ ನಿಮಗೆ ಇಲ್ಲಿ ಮನೆಯ ತೊಂದರೆಯೇ ಇರುವುದಿಲ್ಲ."

ಕಳುವಾದ ಅಡುಗೆಮನೆ

ವಿಶ್ವವಿದ್ಯಾಲಯದ ಈ ಊರಿನಲ್ಲಿ ಖಾಸಗಿ ಮನೆಗಳನ್ನು ನೋಡುವುದೆಂದರೆ ಮೆಟ್ಟಿಲ ಮೇಲೆ ಇಪ್ಪತ್ತು ವಿದ್ಯಾರ್ಥಿಗಳ ಹಿಂದೆ ಸರದಿ ನಿಲ್ಲುವುದು. ಇನ್ನೊಂದು ಕಡೆಯಿಂದ ನನ್ನ ಮಾವನವರು ಫೋನಿನಲ್ಲಿ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ ಎಂದು ತಾಕೀತು ಮಾಡಿದ್ದರು. ಅದಕ್ಕೆಂದೇ ಒಂದು ದಿಕ್ಸೂಚಿ ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೆ. ಮೂರನೇ ಮಹಡಿಯಲ್ಲಿ ನಿಂತು ದಿಕ್ಸೂಚಿ ತಿರುಗಿಸುವವನಿಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ, ಅದು ಅವರ ಜಾಣತನ.

ಒಂದು ಮನೆಗೆ ಬಾಗಿಲೂ ಸರಿಯಿತ್ತು, ಸರದಿಯಲ್ಲೂ ನಾನೇ ಮೊದಲಿಗ. ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಗೋಡೆಯಿಂದ ಹೊರಬಂದ ಎರಡು ಪೈಪು ಬಿಟ್ಟರೆ ಏನೂ ಇಲ್ಲ. ಒಲೆಯಿಲ್ಲ, ಕಟ್ಟೆಯಿಲ್ಲ, ಸಿಂಕ್ ಇಲ್ಲ. ಮೇಲೆ ನೋಡಿದರೆ ಬಲ್ಬಿನ ಜಾಗದಲ್ಲಿ ವೈರು ನೇತಾಡುತ್ತಿತ್ತು.

"ಇವೆಲ್ಲ ಏನಾದವು?" ಎಂದು ಮನೆ ತೋರಿಸುತ್ತಿದ್ದವನನ್ನು ಕೇಳಿದೆ.

"ಹಿಂದಿನ ಬಾಡಿಗೆದಾರ ತೆಗೆದುಕೊಂಡು ಹೋದ."

ಪರದೇಶದವನಾದರೂ ಮನುಷ್ಯನಲ್ಲವೇ ನಾನು, ಪಾಪ ಅನ್ನಿಸಿತು. ಆತನ ಭುಜ ಮುಟ್ಟಿ, "ಪೊಲೀಸರಿಗೆ ತಿಳಿಸಿದಿರಾ?" ಎಂದೆ. ಇಲ್ಲಿ ಅಡುಗೆಮನೆ ಬಾಡಿಗೆದಾರನ ಸ್ವಂತದ್ದು, ಹೋಗುವಾಗ ಕಿತ್ತುಕೊಂಡು ಹೋಗುತ್ತಾನೆ ಎಂದು ಆಮೇಲೆ ಗೊತ್ತಾಯಿತು. ಆತ ಮಾತ್ರ ಅಲ್ಲೇ ಕಾಗದ ತೆಗೆದು ನನ್ನ ಹೆಸರಿಗೆ ಅಡ್ಡಗೆರೆ ಎಳೆದ. ನಾನು ಬಿಟ್ಟು ಹೋಗುವಾಗ ಪೈಪಿಗೂ ಕೈ ಹಾಕಿಯೇನು ಎಂದುಕೊಂಡನೋ ಏನೋ.

ಟೇಪ್ ಹಿಡಿದ ಮಹಾನುಭಾವ

ಕೊನೆಗೆ ಒಂದು ಮನೆ ಸಿಕ್ಕಿತು. ಇಳಿಜಾರು ಮಾಡಿನ ಕೆಳಗಿನ ಅಟ್ಟದ ಮನೆ, ಪುಣ್ಯಕ್ಕೆ ಒಲೆ ಇತ್ತು. ಒಡತಿ ಎಪ್ಪತ್ತು ದಾಟಿದ ಅಜ್ಜಿ, ಕೆಳಗಿನ ಮಹಡಿಯಲ್ಲಿ ವಾಸ. ಕರಾರಿನಲ್ಲಿ ನಲವತ್ತೆರಡು ಚದರ ಮೀಟರ್ ಎಂದು ಬರೆದಿದ್ದಳು.

ಸಹಿ ಹಾಕಿ ಸುಮ್ಮನಿರಬೇಕಿತ್ತು. ಆದರೆ ಮಂಗಳೂರಿನವನು ಬಿಡಬೇಕಲ್ಲ. "ಸೈನ್ ಮಾಡ್ಬೇಡ. ಮೊದಲು ಮೀಟ್‌ಶ್ಪೀಗೆಲ್ ನೋಡು" ಎಂದ. ಯಾವ ಕಾಲದ ಮನೆಗೆ ಮೀಟರಿಗೆ ಎಷ್ಟು ಬಾಡಿಗೆ ನ್ಯಾಯ ಎಂದು ಹೇಳುವ ಪಟ್ಟಿ ಅದು. ಪಟ್ಟಿಯ ಪ್ರಕಾರ ಬಾಡಿಗೆ ಸರಿಯಾಗಿಯೇ ಇತ್ತು. ಅಷ್ಟಕ್ಕೇ ಬಿಟ್ಟರೆ ನಾವು ಎಂಥ ಇಂಜಿನಿಯರುಗಳು? ಅಳತೆಯ ನಿಯಮ ಹುಡುಕಿ ತೆಗೆದೆವು. ಮಾಡು ಒಂದು ಮೀಟರಿಗಿಂತ ತಗ್ಗಿರುವ ಕಡೆ ನೆಲ ಲೆಕ್ಕಕ್ಕೇ ಇಲ್ಲ, ಎರಡು ಮೀಟರಿಗಿಂತ ತಗ್ಗಿದ್ದರೆ ಅರ್ಧ ಮಾತ್ರ ಲೆಕ್ಕ.

ಟೇಪ್ ಹಿಡಿದುಕೊಂಡು ಒಂದಿಡೀ ಶನಿವಾರ ಮೊಣಕಾಲ ಮೇಲೆ ತೆವಳಿದೆ. ಮೂವತ್ತಮೂರೂವರೆ ಬಂತು. ನಕ್ಷೆ ಬರೆದು, ಕೆಳಗೆ ನನ್ನ ಸಹಿ ಹಾಕಿ ಅಜ್ಜಿಯ ಮುಂದಿಟ್ಟೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ನಲವತ್ತೆರಡನ್ನು ಹೊಡೆದು ಹಾಕಿ, ಬಾಡಿಗೆ ಇಳಿಸಿ, ನನ್ನ ನಕ್ಷೆಯನ್ನೂ ಕರಾರಿಗೆ ಲಗತ್ತಿಸಿದಳು. "ನೀವು ಹೇಳಿದ್ದು ಸರಿ. ಸರಿ ಅಂದರೆ ಸರಿ" ಎಂದಳು.

ಜರ್ಮನರಿಗೇ ಲೆಕ್ಕ ಕಲಿಸಿದೆ ಎಂದು ಆ ವಾರ ನೆಲದ ಮೇಲೆ ನಡೆಯಲಿಲ್ಲ ನಾನು. ಮುಂದಿನ ಸೋಮವಾರ ಕರಾರು ಹಿಡಿದು ವಿದೇಶಿಯರ ಕಚೇರಿಗೆ ಹೋದೆ. ಅಧಿಕಾರಿ ಬೆರಳು ಮಡಚಿದ. ಗಂಡನಿಗೆ ಹನ್ನೆರಡು ಮೀಟರ್, ಹೆಂಡತಿಗೆ ಹನ್ನೆರಡು, ಆರು ತುಂಬದ ಮಗುವಿಗೆ ಹತ್ತು. "ಮೂವತ್ತನಾಲ್ಕು ಬೇಕು. ಅರ್ಧ ಮೀಟರ್ ಕಡಿಮೆಯಿದೆ."

ನಾನು ಕರಾರಿನ ಮೇಲೆ ಬೆರಳಿಟ್ಟೆ. "ಮನೆ ನಿಜವಾಗಿ ನಲವತ್ತೆರಡು ಇದೆ ಸಾರ್. ಹೊಡೆದು ಹಾಕಿದ ಅಂಕಿ ನೋಡಿ."

ಆತ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದ. "ಅಳತೆ ಬಹಳ ಚೆನ್ನಾಗಿದೆ. ಮಾಡಿದವರು ಯಾರು?"

ಸಣ್ಣಾಕಿ ಆಗ್ಲ್ಯಾ?

ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮುಂದಿನ ತಿಂಗಳು ಮಗಳಿಗೆ ಆರು ತುಂಬಿದರೆ ಇನ್ನೂ ಎರಡು ಮೀಟರ್ ಹೆಚ್ಚು ಬೇಕಾಗುತ್ತದೆ ಎಂಬುದನ್ನೂ ಹೇಳಿದೆ. ಐದು ತಿಂಗಳಿನಿಂದ ಅವರ ಮುಖ ನೋಡಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಆಕೆ, "ಏನ್ರೀ, ಇದ್ದ ಮನೀನ ನೀವ ಸಣ್ಣದು ಮಾಡೀರಿ ಹೌದಿಲ್ಲೊ? ಈಗ ನಾ ಏನ್ ಮಾಡ್ಲಿ? ಬೆಳೀಬ್ಯಾಡವಾ ಅಂತ ಕೂಸಿಗೆ ಹೇಳ್ಲ್ಯಾ, ಇಲ್ಲಾ ನಾನ ಅರ್ಧಾ ಮೀಟರ್ ಸಣ್ಣಾಕಿ ಆಗ್ಲ್ಯಾ?" ಎಂದಳು.

ಲೆಕ್ಕಕ್ಕಿಲ್ಲದ ಜಾಗ

ಟೇಪನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅಜ್ಜಿಯ ಬಾಗಿಲು ತಟ್ಟಿದೆ. ಹಳೇ ಅಂಕಿಯನ್ನೇ ಬರೆದುಕೊಡಿ, ಹಳೇ ಬಾಡಿಗೆಯನ್ನೇ ಕೊಡುತ್ತೇನೆ ಎಂದು ಅಂಗಲಾಚಿದೆ.

"ತಪ್ಪು ಅಂಕಿಗೆ ನಾನು ಸಹಿ ಹಾಕುವುದಿಲ್ಲ. ತಪ್ಪು ಅಂತ ಸಾಧಿಸಿ ತೋರಿಸಿದವರು ನೀವೇ" ಎಂದಳು. ಆದರೆ ಮೇಜಿನ ಖಾನೆಯಿಂದ ಮಡಚುವ ಮರದ ಅಳತೆಕೋಲು ತೆಗೆದು ಮೇಲೆ ಬಂದಳು. ಗೋಡೆಗುಂಟ ನಡೆದು ನಡೆದು ಕಿಟಕಿಯ ಹತ್ತಿರ ನಿಂತಳು. ಗೋಡೆಯನ್ನು ಒಳಕ್ಕೆ ಕೊರೆದು ನೆಲದ ತನಕ ಬಿಟ್ಟ ಕಿಟಕಿ ಅದು. "ಈ ಗೂಡನ್ನು ಯಾಕೆ ಬಿಟ್ಟಿರಿ? ನೆಲಕ್ಕೆ ಮುಟ್ಟಿದರೆ ಇದೂ ಲೆಕ್ಕಕ್ಕೆ ಬರುತ್ತದೆ." ಅಳೆದಳು. ಕರಾರುವಾಕ್ಕಾಗಿ ಅರ್ಧ ಮೀಟರ್. ಅಲ್ಲೇ ಕೂತು ತಿದ್ದಿ ಬರೆದು, ಅರ್ಧ ಮೀಟರಿನ ಬಾಡಿಗೆಯನ್ನೂ ಮರೆಯದೆ ಸೇರಿಸಿದಳು. ನಾನು ಆಕೆಯ ಕಾಲಿಗೆ ಬಿದ್ದೆ. ಟೇಪ್ ಬಿದ್ದಿರಬೇಕು ಎಂದುಕೊಂಡು ಅಜ್ಜಿಯೂ ಬಗ್ಗಿ ಹುಡುಕತೊಡಗಿದಳು.

ಮಗಳ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ ಇಬ್ಬರೂ ಬಂದಿಳಿದರು. ಹೆಂಡತಿ ಮನೆ ನೋಡಿ, ತಲೆಗೆ ಒಂದು ಪೆಟ್ಟು ತಿಂದು, ಧಾರವಾಡದಿಂದ ತಂದ ಚೀಲ, ಡಬ್ಬಿ, ರೊಟ್ಟಿ ಗಂಟುಗಳನ್ನೆಲ್ಲ ಮಾಡಿನ ತಗ್ಗಿಗೆ ತಳ್ಳಿದಳು. ಮಗಳು ಅದರ ಪಕ್ಕದಲ್ಲೇ ಬೊಂಬೆಗಳ ಮನೆ ಹೂಡಿದಳು.

ಮರುದಿನ ಅಜ್ಜಿಯನ್ನು ಉಪ್ಪಿಟ್ಟಿಗೆ ಕರೆದೆವು. ತಿಂದು ಮುಗಿಸಿ, ಆ ತಗ್ಗನ್ನು ಬಹಳ ಹೊತ್ತು ನೋಡಿದಳು. "ಅದು ನಿಮ್ಮ ಕರಾರಿನಲ್ಲಿ ಇಲ್ಲವಲ್ಲ" ಎಂದಳು.

"ಹೌದು, ಲೆಕ್ಕಕ್ಕಿಲ್ಲದ ಜಾಗ" ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

"ಹಾಗಾದರೆ ಅದು ನಿಮಗೆ ಕೊಟ್ಟ ಜಾಗವಲ್ಲ, ನನ್ನದು" ಎಂದು ಹೇಳಿ ಕೆಳಗೆ ಹೋದಳು. ಸಂಜೆಯೊಳಗೆ ಅಜ್ಜಿಯ ಐದು ಕ್ರಿಸ್ಮಸ್ ಅಲಂಕಾರದ ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ಮತ್ತು ಎರಡು ಜೊತೆ ಸ್ಕೀ ಹಲಗೆ ನಮ್ಮ ರೊಟ್ಟಿ ಗಂಟಿನ ಪಕ್ಕ ಬಂದು ಕುಳಿತವು. ನಿಯಮದ ಪ್ರಕಾರ ಎದುರು ಮಾತಾಡುವಂತಿರಲಿಲ್ಲ.

ಆದರೂ ಒಂದು ಪೆಟ್ಟಿಗೆ ಗೆರೆ ದಾಟಿ ಲೆಕ್ಕದ ಜಾಗಕ್ಕೆ ಬಂದಂತೆ ಕಂಡಿತು. ಸುಮ್ಮನಿರಲಾರದೆ ಟೇಪ್ ತೆಗೆದೆ. ಹೆಂಡತಿ ಅದನ್ನು ಕೈಯಿಂದ ಕಸಿದುಕೊಂಡಳು. "ಇಡ್ರಿ ಕೆಳಗ. ಹೋದ ಸಲಾ ಅಳದಾಗ ನಾವಿಬ್ರು ಹೊರಗ ಉಳದಿದ್ವಿ. ಈ ಸಲಾ ಅಳದ್ರ ಅಜ್ಜಿ ಮಂಚಾ ಹೊತ್ಕೊಂಡ ಬರ್ತಾಳ."